ಗಾಳಿಗೂ ಸ್ವರ್ಲ್ ಬಂತು: ಪ್ಲೇಟ್‌ಲೆಟ್ ಮೀಟರ್ ಪುರಾಣ

ಕೊನೆಗೂ ಹಾಲು ಸೊನ್ನೆ ತೋರಿಸಿತು! ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳ ಬ್ಯಾಗು ಚೆನ್ನಾಗಿದೆಯೇ ಅಂತ ನೋಡಲು ನಾನೇ ಕಟ್ಟುತ್ತಿರುವ ಸ್ವರ್ಲ್ ಮೀಟರ್ ಕೆಲಸದಲ್ಲಿ ನಾನು ಕಾಯುತ್ತಿದ್ದದ್ದು ಇದೊಂದಕ್ಕೇ.

ಫ್ರೇಮು, ಕೋಡು, ಸೋಲ್ಡರಿಂಗ್ ಕಥೆ ಬಿಡೋಣ, ಎಲ್ಲರಿಗೂ ಗೊತ್ತಿದ್ದದ್ದೇ. ಪ್ಲೇಟ್‌ಲೆಟ್ ಬ್ಯಾಗನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಹಿಸುಕಿದರೆ ಒಳಗೆ ರೇಷ್ಮೆ ಸೀರೆಯ ಮಡಿಕೆಯಂತೆ ಹೊಳಪು ಸುಳಿಯುತ್ತದೆ. ಅದೇ ಸ್ವರ್ಲ್. ಚೆನ್ನಾಗಿರುವ ಪ್ಲೇಟ್‌ಲೆಟ್ ಚಪ್ಪಟೆ ಬಿಲ್ಲೆ. ಹರಿಯುವಾಗ ಎಲ್ಲವೂ ಒಂದೇ ಕಡೆ ವಾಲುತ್ತವೆ. ಫ್ರಿಜ್ಜಿನ ಚಳಿ ತಗುಲಿದರೆ, ಇಲ್ಲವೇ ಲ್ಯಾಕ್ಟಿಕ್ ಆಸಿಡ್ ತುಂಬಿ ಪಿಎಚ್ 6.2ಕ್ಕಿಂತ ಕೆಳಗಿಳಿದರೆ ಗುಂಡಗಾಗುತ್ತವೆ, ಹೊಳಪು ಮಾಯ. ಬ್ಲಡ್ ಬ್ಯಾಂಕಿನಲ್ಲಿ ಇದಕ್ಕೆ ಕಣ್ಣಳತೆಯಲ್ಲೇ ಗ್ರೇಡ್ ಹಾಕುತ್ತಾರೆ. ಒಬ್ಬರ 2 ಇನ್ನೊಬ್ಬರಿಗೆ 3. ಅದನ್ನು ಅಂಕಿಗೆ ಇಳಿಸೋದೇ ನನ್ನ ಹುಚ್ಚು. ಸರ್ವೋ ಅನ್ನೋ ಪುಟ್ಟ ಮೋಟಾರು ಬ್ಯಾಗನ್ನು ಹಿಸುಕುತ್ತದೆ, ಬ್ಯಾಗಿನ ಮೂಲಕ ಹಾಯುವ ಎಲ್‌ಇಡಿ ಬೆಳಕಿನ ಏರಿಳಿತವನ್ನು ಫೋಟೋಡಯೋಡ್ (ಬೆಳಕಿನ ಸೆನ್ಸರ್) ಅಳೆಯುತ್ತದೆ.

ಮನೆಯಲ್ಲಿ ಪರೀಕ್ಷೆಗೆ ಎರಡು ಬ್ಯಾಗ್. ಒಂದರಲ್ಲಿ ಹೊಳೆಯುವ ಶಾಂಪೂ ಕಲಸಿದ ನೀರು; ಅದರ ಚಪ್ಪಟೆ ಹರಳುಗಳದ್ದು ಪ್ಲೇಟ್‌ಲೆಟ್ ಪಾತ್ರ. ಇನ್ನೊಂದರಲ್ಲಿ ನೀರು ಬೆರೆಸಿದ ಹಾಲು. ಕೊಬ್ಬಿನ ಕಣ ಗುಂಡಗೆ, ಹಾಗಾಗಿ ಸ್ವರ್ಲ್ ಬರಲೇಬಾರದು. ಆದರೆ ನನ್ನ ಮೀಟರ್ ಕಣ್ಣಿಗೆ ನೀಲಿ ಪ್ಯಾಕೆಟ್ ಹಾಲೇ ಫಸ್ಟ್ ಕ್ಲಾಸ್ ಪ್ಲೇಟ್‌ಲೆಟ್!

ಮೊದಲ ಅನುಮಾನ ದಪ್ಪದ ಮೇಲೆ. ಹಿಸುಕಿದಾಗ ಬೆಳಕು ಹಾಯುವ ಜಾಗದಲ್ಲಿ ಬ್ಯಾಗ್ ಉಬ್ಬುತ್ತದೆ, ಬೆಳಕು ಕಮ್ಮಿಯಾಗುತ್ತದೆ. ಎರಡು ಅಕ್ರಿಲಿಕ್ ಹಲಗೆ ನಡುವೆ ಬ್ಯಾಗಿನ ಹೊಟ್ಟೆಯನ್ನು ಬಿಗಿದು, ಹೊರಗುಳಿದ ತುದಿಯನ್ನು ಸರ್ವೋದಿಂದ ಒತ್ತಿಸಿದೆ. ಬೆಳಕಿನ ಅಲೆ ಚಿಕ್ಕದಾಯಿತು, ಹೋಗಲಿಲ್ಲ. ಟ್ಯೂಬ್‌ಲೈಟ್ ಮಿಣುಕೋ ಏನೋ ಅಂತ ಕಪ್ಪು ಬಟ್ಟೆ ಹೊದಿಸಿದೆ. ಅದೇ ಹಾಡು. ಸಿಟ್ಟು ಬಂದು ಬ್ಯಾಗೇ ಇಲ್ಲದೆ ಸುಮ್ನೆ ಓಡಿಸಿದೆ. ಗಾಳಿಗೂ ಸ್ವರ್ಲ್ ಬಂತು!

ವೋಲ್ಟೇಜ್ ಏರಿಳಿತ ತೋರಿಸುವ ಸ್ಕೋಪ್ ಹಚ್ಚಿದಾಗ ಕಳ್ಳ ಸಿಕ್ಕ. ಸರ್ವೋ ಜಗ್ಗಿದಾಗಲೆಲ್ಲ 5 ವೋಲ್ಟ್ ಲೈನ್ ಕುಸಿಯುತ್ತಿತ್ತು, ಜೊತೆಗೆ ಎಲ್‌ಇಡಿಯೂ ಮಂಕಾಗುತ್ತಿತ್ತು. ಅಡಾಪ್ಟರ್ ಮೇಲೆ 2 ಆಂಪಿಯರ್ ಅಂತ ದಪ್ಪಕ್ಷರದಲ್ಲಿ ಬರೆದಿದೆ. ವಾಪಸ್ ಒಯ್ದರೆ ಅಂಗಡಿಯವರು 'ನಿಮ್ ಸರ್ವೋನೇ ಸರಿಯಿಲ್ಲ ಸಾರ್' ಅಂದರು. ಅಕ್ಷರಕ್ಕೆ ದುಡ್ಡು, ಕರೆಂಟಿಗಲ್ಲ.

ಈಗ ಸರ್ವೋಗೆ ಬೇರೆ ಸಪ್ಲೈ, ಎಲ್‌ಇಡಿಗೆ ಕರೆಂಟು ಏರುಪೇರಾಗದಂತೆ ಕಾಯುವ ಕಾನ್‌ಸ್ಟಂಟ್ ಕರೆಂಟ್ ಸರ್ಕ್ಯೂಟ್. ಎಲ್‌ಇಡಿಯನ್ನೇ ಕಾಯಲು ಇನ್ನೊಂದು ಫೋಟೋಡಯೋಡ್ ಕೂಡ ಕೂರಿಸಿದೆ. ಆದರೆ ನಿಜವಾಗಿ ಕೈಹಿಡಿದದ್ದು ಅಳೆಯುವ ಹೊತ್ತು. ಸರ್ವೋ ಓಡುವಾಗ ನೋಡಲೇಬಾರದು. ಅದು ನಿಂತು ಹರಿವು ಅಡಗಿದ ಮೇಲೆ ಬಿಲ್ಲೆಗಳು ಒಂದೆರಡು ಸೆಕೆಂಡಿನಲ್ಲಿ ಮತ್ತೆ ದಿಕ್ಕಾಪಾಲಾಗುತ್ತವೆ. ಆಗ ಬೆಳಕು ಮೆಲ್ಲಗೆ ಜಾರಿ ಹಳೇ ಮಟ್ಟಕ್ಕೆ ಬರುತ್ತದೆ. ಆ ಜಾರುವಿಕೆಯೇ ನನ್ನ ಅಂಕಿ. ಗುಂಡು ಕಣ ಹೇಗೆ ತಿರುಗಿದರೂ ಒಂದೇ, ಜಾರುವುದಕ್ಕೆ ಏನೂ ಇಲ್ಲ. ಶಾಂಪೂ ಚೆಂದದ ಇಳಿಜಾರು ಕೊಟ್ಟಿತು, ಹಾಲು ನೆಟ್ಟಗೆ ಮಲಗಿತು.

ಸಪ್ಲೈ ತಡಕಾಡುವಾಗ ಮುಂದಿನ ಪ್ರಾಜೆಕ್ಟೂ ತಲೆಗೆ ಬಂತು. ಬ್ಯಾಗುಗಳನ್ನು 20–24 ಡಿಗ್ರಿಯಲ್ಲಿ ಅಜಿಟೇಟರ್ ಹಗಲೂ ರಾತ್ರಿ ತೂಗುತ್ತಿರಬೇಕು, ಅಲ್ವಾ? ಅದರ ತಟ್ಟೆಗೆ ಅಲುಗಾಟ ಅಳೆಯುವ ಆಕ್ಸಲರೋಮೀಟರ್ ಅಂಟಿಸಿದರೆ, ತೂಗು ನಿಂತ ಕೂಡಲೇ ಫೋನಿಗೆ ಮೆಸೇಜ್. ಡೆಂಗಿ ಸೀಸನ್‌ನಲ್ಲಿ ಇದು ಬೇಕೇ ಬೇಕು. ಸೆನ್ಸರ್ ಆರ್ಡರ್ ಮಾಡಿದೆ, ಬಂದದ್ದು ಗಿಡದ ಕುಂಡಕ್ಕೆ ಚುಚ್ಚುವ ತೇವದ ಸೆನ್ಸರ್.

ಇರಲಿ. ಪರಿಚಯದ ಬ್ಲಡ್ ಬ್ಯಾಂಕಿನ ಡಾಕ್ಟರ ಒಪ್ಪಿಗೆ ಪಡೆದು, 5 ದಿನದ ಅವಧಿ ಮುಗಿದು ಆಟೋಕ್ಲೇವ್‌ಗೆ (ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ಹೊರಟಿದ್ದ ಬ್ಯಾಗುಗಳನ್ನು ಅಲ್ಲೇ, ಸೀಲ್ ಒಡೆಯದೆ ಇಟ್ಟು ನೋಡಿದೆ. ಅಜಿಟೇಟರ್ ಮೇಲಿಂದ ಬಂದದ್ದು ಚೆನ್ನಾಗಿ ಜಾರಿತು. ಒಂದನ್ನು ಬೇಕಂತಲೇ ರಾತ್ರಿಯಿಡೀ 4 ಡಿಗ್ರಿಯಲ್ಲಿ ಇಡಿಸಿದ್ದೆ. ಅದು ಹಾಲಿನ ಹಾಗೇ ಮಲಗಿತು. ಸ್ವರ್ಲ್ ಇದೆ ಅಂದಮಾತ್ರಕ್ಕೆ ಬ್ಯಾಕ್ಟೀರಿಯಾ ಇಲ್ಲ ಅಂತಲ್ಲ. ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಈ ಡಬ್ಬಿ ಬದಲಿಯೂ ಅಲ್ಲ.

ಉಳಿದ ತಲೆನೋವು ಕೆಂಪು ಛಾಯೆಯ ಬ್ಯಾಗು. ಬೆರೆತ ಕೆಂಪು ಕಣಗಳೂ ಬಿಲ್ಲೆಗಳೇ, ಅವೂ ವಾಲುತ್ತವೆ. ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಕೆಂಪಿಗಿಂತ ಜಾಸ್ತಿ ನುಂಗುತ್ತದೆ. ಹಾಗಾಗಿ ಈಗಿನ ಕೆಂಪು ಎಲ್‌ಇಡಿ ಪಕ್ಕದಲ್ಲೊಂದು ಹಸಿರು ಎಲ್‌ಇಡಿ ಕೂರಿಸಿ ಎರಡೂ ಅಳತೆ ಹೋಲಿಸಬೇಕು. ಈ ಸಲ ಅಡಾಪ್ಟರನ್ನು ಅಂಗಡಿಯಲ್ಲೇ ಲೋಡ್ ಹಾಕಿ ನೋಡಿಯೇ ತರುವುದು.