ತಲೆನೋವಿಗೆಲ್ಲಾ ಬೆಂಗಳೂರಿಗೆ ಹೋಗ್ತಾರೇನಮ್ಮಾ?

ಸೋಮವಾರ ನಮ್ಮೂರಿನ ಡಾಕ್ಟರು ಅತ್ತಿಗೆಯನ್ನು ಕೇಳಿದ ಮಾತಿದು. ಬೈಯಲಿಲ್ಲ, ನಗುತ್ತಲೇ ಕೇಳಿದರು. ಒಳ್ಳೆಯವರೇ. ರಾತ್ರಿ ಹೊತ್ತಲ್ಲಿ ಫೋನ್ ಮಾಡಿದರೂ ಎತ್ತುತ್ತಾರೆ. ಆದರೆ ಆ ಮಾತಿಗೆ ಅತ್ತಿಗೆ ಮುಖ ಚಿಕ್ಕದು ಮಾಡಿಕೊಂಡು, "ಹೋಗ್ಲಿ ಬಿಡಿ ಸಾರ್, ಅದೇ ಮಾತ್ರೆ ಬರ್ಕೊಡಿ" ಅಂದುಬಿಟ್ಟರು. ನನಗೆ ತಡೆಯಲಾಗಲಿಲ್ಲ. ನಾನೇ ಬಾಯಿ ಹಾಕಿ ಬೆಂಗಳೂರಿನ ಡಾಕ್ಟರಿಗೆ ತೋರಿಸಲು ಚೀಟಿ ಬರೆಸಿಕೊಂಡೆ.

ಅತ್ತಿಗೆಗೆ ಮೈಗ್ರೇನ್ ಬಂತೆಂದರೆ ಒಗ್ಗರಣೆ ವಾಸನೆಗೇ ವಾಂತಿ. ಕಿಟಕಿಗೆ ದುಪ್ಪಟಿ ಕಟ್ಟಿ ಮಲಗುತ್ತಾರೆ. ಕನ್ನಡಕ ಬದಲಾಯಿಸಿದ್ದಾಯಿತು, ಸೈನಸ್ ಇರಬಹುದು ಅಂತ ಮೂಗು ತೋರಿಸಿದ್ದಾಯಿತು. ಸ್ಕ್ಯಾನ್ ನಾರ್ಮಲ್ ಬಂತು. ನಾರ್ಮಲ್ ಅಂದಮೇಲೆ ನಮ್ಮಣ್ಣನ ಪಾಲಿಗೆ ಕಾಯಿಲೆಯೇ ಇಲ್ಲ! ಮೈಗ್ರೇನ್ ಸ್ಕ್ಯಾನಿನಲ್ಲಿ ಕಾಣುವುದಿಲ್ಲ ಅಂತ ಡಾಕ್ಟರೇ ಅವನನ್ನು ಕೂರಿಸಿ ಹೇಳಬೇಕಿತ್ತು.

ಗುರುವಾರ ಬೆಂಗಳೂರಿನ ತಲೆನೋವು ಕ್ಲಿನಿಕ್ಕಿಗೆ ಹೋದೆವು. ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಚೀಟಿಯಲ್ಲಿ "ತಲೆನೋವು, ದಯವಿಟ್ಟು ನೋಡಿ" ಅಂತಷ್ಟೇ ಇತ್ತು. ಅವರು ಅದನ್ನು ತಿರುಗಿಸಿ ಹಿಂದೇನಾದರೂ ಬರೆದಿದೆಯಾ ನೋಡಿದರು. ಯಾವ ಮಾತ್ರೆ ಕೊಟ್ಟಿದ್ದರು, ಎಷ್ಟು ಪವರಿನದು, ಎಷ್ಟು ತಿಂಗಳು, ಒಂದೂ ಇಲ್ಲ. ಆಮೇಲೆ ಕೇಳಿದರು: "ತಿಂಗಳಲ್ಲಿ ಎಷ್ಟು ದಿನ ನೋವಿನ ಮಾತ್ರೆ ತಗೋತೀರಮ್ಮಾ?"

ಅತ್ತಿಗೆ ನನ್ನ ಮುಖ ನೋಡಿದರು. ಪರ್ಸಿನಿಂದ ಅರ್ಧ ಖಾಲಿಯಾದ ಶೀಟ್ ತೆಗೆದು ಮೇಜಿನ ಮೇಲಿಟ್ಟರು. "ಹೆಚ್ಚುಕಮ್ಮಿ ದಿನಾ."

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಇನ್ನೂ ಜಾಸ್ತಿ, 3 ತಿಂಗಳು ಮೀರಿ ನುಂಗಿದರೆ ಆ ಮಾತ್ರೆಯೇ ತಲೆನೋವು ತರುತ್ತದಂತೆ. ಮೈಗ್ರೇನಿಗೆಂದೇ ಕೊಡುವ ಟ್ರಿಪ್ಟಾನ್ ಅಥವಾ ಎರಡು ಮೂರು ಔಷಧ ಬೆರೆಸಿದ ಮಾತ್ರೆಯಾದರೆ 10 ದಿನವೇ ಸಾಕಂತೆ. ಅಂದರೆ "ಅದೇ ಮಾತ್ರೆ" ನೋವನ್ನು ಸಾಕುತ್ತಾ ಬಂದಿತ್ತು. ನೋವು ಬರದಂತೆ ತಡೆಯಲು ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್ ಥರದ ಹಳೆಯ ಮಾತ್ರೆಗಳಿವೆ. ಅವೂ ಹಿಡಿಯದಿದ್ದರೆ ಬೊಟಾಕ್ಸ್ ಇಂಜೆಕ್ಷನ್ ಇದೆ. ಅತ್ತಿಗೆಗೆ ಇದ್ಯಾವುದೂ ಸಿಕ್ಕಿರಲಿಲ್ಲ.

ನಿಮ್ಹಾನ್ಸ್ ತಂಡ ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಾಡಿದ ಸರ್ವೆಯಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಕಂಡಿತ್ತು. ಅಷ್ಟೂ ಜನ ಬೆಂಗಳೂರಿನ ಬಸ್ಸು ಹತ್ತಬೇಕಿಲ್ಲ. ಆ ಒಂದು ಪ್ರಶ್ನೆ ಕೇಳುವ ಡಾಕ್ಟರು ಊರಲ್ಲಿದ್ದರೆ ಹೆಚ್ಚಿನವರಿಗೆ ಅಲ್ಲೇ ಗುಣ ಕಾಣುತ್ತದೆ. ತಡೆಯುವ ಮಾತ್ರೆ ಕೊಟ್ಟರೂ ಹಿಡಿತಕ್ಕೆ ಬಾರದವರನ್ನು, ತಿಂಗಳಲ್ಲಿ ಅರ್ಧದಷ್ಟು ದಿನಗಳನ್ನು ನೋವಲ್ಲೇ ಕಳೆಯುವವರನ್ನು ಕಳಿಸಲೇಬೇಕು. ಇನ್ನು, ಹಿಂದೆಂದೂ ಬಾರದಂಥ ನೋವು ಒಮ್ಮೆಲೇ ಸಿಡಿದರೆ, ಜೊತೆಗೆ ಜ್ವರ ಬಂದು ಕತ್ತು ಬಿಗಿದರೆ, ಕೈಕಾಲು ಸೋತರೆ ಚೀಟಿಗೂ ಕಾಯಬಾರದು, ನೇರ ಎಮರ್ಜೆನ್ಸಿಗೇ ಹೋಗಬೇಕು.

ನನ್ನನ್ನು ಕೊರೆಯುತ್ತಿರುವುದು ಆ ನಗು. ಅಣ್ಣನಿಗೆ ಎದೆ ಹಿಡಿದಿದ್ದರೆ "ಅದಕ್ಕೆಲ್ಲಾ ಬೆಂಗಳೂರಾ?" ಅಂತ ಯಾರಾದರೂ ಕೇಳುತ್ತಿದ್ದರಾ? ಮೈಗ್ರೇನ್ ಗಂಡಸರಿಗಿಂತ ಹೆಂಗಸರಿಗೇ ಜಾಸ್ತಿ. ಮನೆಯಲ್ಲಿ ಹೆಂಗಸಿನ ತಲೆನೋವು ಅಂದರೆ ಬಾಮ್ ಹಚ್ಚಿಕೊಂಡು ಸುಮ್ನೆ ಕೆಲಸ ಮಾಡುವಂಥದ್ದು ಅಂತಲೇ ಎಲ್ಲರ ಲೆಕ್ಕ. ಡಾಕ್ಟರರೂ ಅಂಥ ಮನೆಗಳಿಂದಲೇ ಬಂದವರಲ್ವಾ?

ನೋವಿನ ಮಾತ್ರೆ ನಿಲ್ಲಿಸಿದ ಮೊದಲ ಕೆಲವು ವಾರ ನೋವು ಜಾಸ್ತಿಯಾಗಬಹುದಂತೆ. ಅಣ್ಣನಿಗೆ ಫೋನ್ ಮಾಡಿ ಹೇಳಿದ್ದೇನೆ: ಅಷ್ಟು ದಿನ ಅಡುಗೆಮನೆ ನಿನ್ನದು, ಅವಳು ಎಷ್ಟೇ ಕೇಳಿದರೂ ಮೆಡಿಕಲ್ ಶಾಪಿಗೆ ಓಡಬೇಡ, ಆ ಡಾಕ್ಟರಮ್ಮನಿಗೆ ಫೋನ್ ಮಾಡು.