‘ಕಾರ್ಡ್ ಇಲ್ಲದಿದ್ರೆ ಓಟಿಲ್ಲ’ ಅನ್ನೋ ಮಾತು ಶುರುವಾಗಿದ್ದು ನನ್ನ ಬಾಯಿಂದಲೇ

ನಾನು ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. 2018, 2019, 2023, 2024, ಈ ನಾಲ್ಕೂ ಸಲ ನನಗೆ ಚುನಾವಣೆ ಡ್ಯೂಟಿ ಬಿದ್ದಿದೆ. ಮೊದಲ ಮೂರು ಸಲ ಕಲಿಯದೇ ಇದ್ದ ಒಂದು ವಿಷಯವನ್ನು ನಾಲ್ಕನೇ ಸಲ ಕಲಿತೆ. ಮುಂದೆ ಡ್ಯೂಟಿಗೆ ಹೋಗುವವರಿಗೆ, ಅದಕ್ಕಿಂತ ಜಾಸ್ತಿ ಓಟು ಹಾಕಲು ಹೋಗುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

2024ರ ಏಪ್ರಿಲ್ 26, ಲೋಕಸಭೆ ಚುನಾವಣೆ. ಮಂಡ್ಯ, ಮೈಸೂರು ಎರಡಕ್ಕೂ ಅವತ್ತೇ ಮತದಾನ. ಹಿಂದಿನ ದಿನ ಮಸ್ಟರಿಂಗ್ ಕೇಂದ್ರದಲ್ಲಿ ಯಂತ್ರ, ಫಾರಂಗಳ ಕಟ್ಟು, ಶಾಯಿ ಬಾಟಲಿ ಎಲ್ಲ ಎಣಿಸಿಕೊಂಡು, ಬಸ್ ಹತ್ತಿ ಬೇರೆ ತಾಲ್ಲೂಕಿನ ಒಂದು ಹಳ್ಳಿ ಶಾಲೆಗೆ ಹೋಗಿದ್ದೆವು. ನಾನು ಎಪಿಆರ್‌ಓ, ಮತಗಟ್ಟೆಯ ಸಹಾಯಕ ಅಧಿಕಾರಿ. ಅಂದರೆ ಒಳಗೆ ಬಂದವರನ್ನು ಮೊದಲು ನೋಡುವ ಮೇಜು ನನ್ನದು. ಗುರುತು ಪತ್ರ ನೋಡಬೇಕು, ಪಟ್ಟಿಯಲ್ಲಿ ಹೆಸರು ಹುಡುಕಬೇಕು, ಅಭ್ಯರ್ಥಿಗಳ ಕಡೆಯ ಏಜೆಂಟರಿಗೆ ಕೇಳುವ ಹಾಗೆ ಕ್ರಮಸಂಖ್ಯೆ ಮತ್ತು ಹೆಸರು ಕೂಗಬೇಕು, ಆಮೇಲೆ ಪಟ್ಟಿಯಲ್ಲಿ ಆ ಹೆಸರಿನ ಮೇಲೆ ಗೆರೆ ಎಳೆಯಬೇಕು.

ಅಣಕು ಮತದಾನ ಮುಗಿಸಿ ಏಳು ಗಂಟೆಗೆ ಬಾಗಿಲು ತೆಗೆದಾಗ ಸಾಲು ಆಗಲೇ ಗೇಟಿನವರೆಗೆ ಇತ್ತು. ಬಿಸಿಲು ಏರುವ ಮುಂಚೆ ಓಟು ಹಾಕಿ ಗದ್ದೆಗೆ ಹೋಗೋಣ ಅಂತ ಬಂದವರು. ಮೊದಲ ಹತ್ತು ಜನರಲ್ಲಿ ನಾಲ್ಕು ಜನ ಮೇಜಿನ ಮುಂದೆ ನಿಂತುಕೊಂಡು ಜೇಬು ತಡಕಾಡಿದರು. ಸಾಲು ನಿಂತಲ್ಲೇ ನಿಂತಿತು. ನಾನು ಎದ್ದು ಬಾಗಿಲಿಗೆ ಬಂದು ಜೋರಾಗಿ ಹೇಳಿದೆ: ‘ಎಲ್ಲರೂ ವೋಟರ್ ಐಡಿ ಕೈಯಲ್ಲಿ ಹಿಡ್ಕೊಳ್ಳಿ, ಇಲ್ಲದಿದ್ರೆ ಲೇಟಾಗುತ್ತೆ.’

ಅಷ್ಟೇ. ಹೇಳಿ ಬಂದು ಕೂತೆ. ಸಾಲು ಬೇಗ ಬೇಗ ಸರಿಯಿತು. ಒಳ್ಳೇದೇ ಮಾಡಿದೆ ಅಂದುಕೊಂಡೆ.

ಒಂಬತ್ತೂವರೆ ಹೊತ್ತಿಗೆ ನಮ್ಮ ಪಿಆರ್‌ಓ, ಅಂದರೆ ಮತಗಟ್ಟೆಯ ಮುಖ್ಯ ಅಧಿಕಾರಿ, ನನ್ನ ಜಾಗದಲ್ಲಿ ಕೂತು, ಐದು ನಿಮಿಷ ಹೋಗಿ ಬನ್ನಿ ಮೇಷ್ಟ್ರೇ ಅಂದರು. ಹೊರಗೆ ಬಂದೆ. ಕಾಂಪೌಂಡ್ ಪಕ್ಕ ಹೊಂಗೆ ಮರದ ಕೆಳಗೆ ಒಬ್ಬ ಅಜ್ಜಿ ಒಬ್ಬರೇ ಕೂತಿದ್ದರು. ಎಡಗೈ ತೋರುಬೆರಳಲ್ಲಿ ಶಾಯಿ ಇರಲಿಲ್ಲ.

‘ಯಾಕವ್ವಾ, ಓಟು ಹಾಕಲ್ವಾ?’

‘ಕಾರ್ಡ್ ಇಲ್ದೋರ್ಗೆ ಓಟಿಲ್ವಂತೆ ಕಣಪ್ಪ. ನಮ್ದು ಹೋದ್ ಮಳೇಲಿ ಮನೆ ಸೋರ್ದಾಗ ನೆಂದ್ಹೋಯ್ತು. ಬಿಸ್ಲು ಇಳೀಲಿ, ಮನೆಗ್ ಹೊಯ್ತೀನಿ.’

‘ಯಾರು ಹೇಳಿದ್ದು?’

‘ಒಳಗಿಂದ ಮೇಷ್ಟ್ರೇ ಬಂದು ಹೇಳುದ್ರಂತೆ.’

ನನಗೆ ಮೈ ಜುಂ ಅಂತು. ನಾನು ಹೇಳಿದ್ದು ‘ಲೇಟಾಗುತ್ತೆ’. ಬಾಗಿಲಿಂದ ಗೇಟಿಗೆ ಇಪ್ಪತ್ತು ಹೆಜ್ಜೆ. ಅಷ್ಟು ದೂರ ಹೋಗುವಷ್ಟರಲ್ಲಿ ಅದು ‘ಒಳಗೆ ಬಿಡಲ್ಲ’ ಆಗಿ, ಗೇಟಿನ ಆಚೆ ‘ಓಟೇ ಇಲ್ಲ’ ಆಗಿತ್ತು. ಯಾರೂ ಬೇಕಂತ ಸುಳ್ಳು ಹೇಳಿರಲಿಲ್ಲ. ಗೇಟಿನಲ್ಲಿದ್ದ ಹುಡುಗ ಸಾಲು ಸರಿಯಾಗಿ ಹೋಗಲಿ ಅಂತ ತನಗೆ ಕೇಳಿಸಿದ್ದನ್ನೇ ಹೇಳುತ್ತಿದ್ದ. ಅವನಿಗೆ ಕೇಳಿಸಿದ್ದು ನನ್ನ ಮಾತು. ಸುಳ್ಳು ಸುದ್ದಿ ಅಂದರೆ ಮೊಬೈಲಿನಲ್ಲಿ ಎಲ್ಲಿಂದಲೋ ಬರುವ ಮೆಸೇಜು ಅಂದುಕೊಂಡಿದ್ದ ನಾನು, ಅದು ಹುಟ್ಟುವುದನ್ನು ಅವತ್ತು ಕಣ್ಣಾರೆ ಕಂಡೆ.

ಅಜ್ಜಿ ಪಕ್ಕ ಕೂತು, ನಿಮ್ಮ ಹತ್ತಿರ ಫೋಟೋ ಇರುವ ಬೇರೆ ಏನಾದರೂ ಇದೆಯಾ ಅಂತ ಕೇಳಿದೆ. ಅಡಿಕೆ ಸಂಚಿ ಬಿಚ್ಚಿದರು. ಅದರೊಳಗೆ ಒಂದು ಪ್ಲಾಸ್ಟಿಕ್ ಕವರ್. ಕವರಿನಲ್ಲಿ ಬಿಪಿ ಮಾತ್ರೆ, ಎರಡು ಮಡಿಕೆ ಮಾಡಿದ ಹತ್ತು ರೂಪಾಯಿ ನೋಟುಗಳು, ರೇಷನ್ ಕಾರ್ಡು, ಅದರ ಹಿಂದೆ ಉದ್ಯೋಗ ಖಾತ್ರಿಯ ಜಾಬ್ ಕಾರ್ಡು. ಮೊದಲು ರೇಷನ್ ಕಾರ್ಡನ್ನೇ ಕೊಟ್ಟರು. ‘ಇದಲ್ಲ ಅವ್ವ, ಆ ಹಿಂದಿಂದು ಕೊಡಿ’ ಅಂದೆ. ಜಾಬ್ ಕಾರ್ಡಿನ ಫೋಟೋದಲ್ಲಿ ಅವರೂ ಅವರ ಯಜಮಾನರೂ ಪಕ್ಕಪಕ್ಕ ಇದ್ದರು. ಫೋಟೋ ಅಂಚು ಹಳದಿಯಾಗಿತ್ತು, ಮುಖ ಮಾತ್ರ ಸ್ಪಷ್ಟವಾಗಿತ್ತು. ‘ಇವ್ರು ಹೋಗಿ ಮೂರು ವರ್ಷ ಆಯ್ತು’ ಅಂತ ಬೆರಳಿಟ್ಟು ತೋರಿಸಿದರು.

ಆ ಜಾಬ್ ಕಾರ್ಡು ಸಾಕಿತ್ತು. ವೋಟರ್ ಐಡಿ ಇಲ್ಲದವರು ತೋರಿಸಬಹುದಾದ ಹನ್ನೆರಡು ದಾಖಲೆಗಳನ್ನು ಚುನಾವಣಾ ಆಯೋಗ 2024ರಲ್ಲಿ ಹೇಳಿತ್ತು. ನಮ್ಮ ಕಡೆ ಜನರ ಹತ್ತಿರ ನಿಜವಾಗಿ ಇರುವುದು ಅದರಲ್ಲಿ ಆರೇಳು: ಆಧಾರ್, ಉದ್ಯೋಗ ಖಾತ್ರಿ ಜಾಬ್ ಕಾರ್ಡ್, ಬ್ಯಾಂಕಿನ ಅಥವಾ ಅಂಚೆ ಕಚೇರಿಯ ಫೋಟೋ ಇರುವ ಪಾಸ್‌ಬುಕ್, ಡ್ರೈವಿಂಗ್ ಲೈಸೆನ್ಸ್, ಪ್ಯಾನ್ ಕಾರ್ಡ್, ಫೋಟೋ ಇರುವ ಪಿಂಚಣಿ ದಾಖಲೆ, ಅಂಗವಿಕಲರಿಗೆ ಕೊಡುವ ಯುಡಿಐಡಿ ಕಾರ್ಡ್. ಪಾಸ್‌ಪೋರ್ಟು, ಸರ್ಕಾರಿ ನೌಕರರ ಗುರುತಿನ ಚೀಟಿ ಇಂಥವೂ ಇವೆ. ರೇಷನ್ ಕಾರ್ಡ್ ಆ ಪಟ್ಟಿಯಲ್ಲಿ ಇಲ್ಲ. ಹಳ್ಳಿಯಲ್ಲಿ ಜನ ಮೊದಲು ಕೈ ಹಾಕುವುದೇ ಅದಕ್ಕೆ, ಹಾಗಾಗಿ ಇದನ್ನು ಒತ್ತಿ ಹೇಳಬೇಕು. ಗ್ರಾಮ ಪಂಚಾಯ್ತಿ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಅದಕ್ಕೆ ಆ ಸಲದ ಅವರ ಆದೇಶವನ್ನೇ ನೋಡಿಕೊಳ್ಳಬೇಕು.

ಮನೆಗೆ ಬರುವ ಓಟರ್ ಚೀಟಿಯದು ಇನ್ನೊಂದು ಗೊಂದಲ. ಮುಂಚೆ ಅದರಲ್ಲಿ ಫೋಟೋ ಇರುತ್ತಿತ್ತು, ಅದೊಂದನ್ನೇ ತೋರಿಸಿ ಓಟು ಹಾಕಬಹುದಿತ್ತು. 2019ರ ಲೋಕಸಭೆ ಚುನಾವಣೆಗೆ ಮುಂಚೆ ಆಯೋಗ ಅದನ್ನು ನಿಲ್ಲಿಸಿತು. ಈಗ ಆ ಚೀಟಿಯಲ್ಲಿ ಫೋಟೋನೇ ಇರುವುದಿಲ್ಲ. ಯಾವ ಬೂತು, ಯಾವ ಕ್ರಮಸಂಖ್ಯೆ ಅಂತ ತಿಳಿಯಲು ಮಾತ್ರ ಅದು. 2018ರಲ್ಲಿ ಅದೇ ಚೀಟಿ ನೋಡಿ ಒಳಗೆ ಬಿಟ್ಟವನು ನಾನೇ. 2019ರಲ್ಲಿ ಅದು ಸಾಲದು ಅಂದವನೂ ನಾನೇ. ಜನಕ್ಕೆ ಗೊಂದಲ ಆಗದೆ ಇನ್ನೇನಾಗುತ್ತೆ? ಒಂದು ಕಾಲಕ್ಕೆ ನಿಜವಾಗಿದ್ದ ಮಾತು ನಿಯಮ ಬದಲಾದ ಮೇಲೂ ಊರಲ್ಲಿ ಓಡಾಡಿಕೊಂಡೇ ಇರುತ್ತದೆ.

ಅಜ್ಜಿಯನ್ನು ಒಳಗೆ ಕರೆದುಕೊಂಡು ಬಂದೆ. ಪಟ್ಟಿಯಲ್ಲಿ ಹೆಸರಿತ್ತು. ಕೂಗಿದೆ, ಏಜೆಂಟರು ತಲೆಯಾಡಿಸಿದರು. ಪಕ್ಕದ ಮೇಜಿನಲ್ಲಿ, ಓಟು ಹಾಕುವವರನ್ನು ಬರೆದುಕೊಳ್ಳುವ 17ಎ ರಿಜಿಸ್ಟರಿನಲ್ಲಿ ಅವರ ಹೆಬ್ಬೆಟ್ಟು ತೆಗೆದುಕೊಂಡರು. ವೋಟರ್ ಐಡಿ ತಂದವರಾದರೆ ಆ ರಿಜಿಸ್ಟರಿನ ದಾಖಲೆ ಕಾಲಂನಲ್ಲಿ ‘ಇಪಿ’ ಅಂತ ಬರೆಯುತ್ತಾರೆ. ಬೇರೆ ದಾಖಲೆಯಾದರೆ ಅದರ ನಂಬರಿನ ಕೊನೆಯ ನಾಲ್ಕು ಅಂಕಿ. ಅಜ್ಜಿಯ ಸಾಲಿನಲ್ಲಿ ನಾಲ್ಕು ಅಂಕಿ ಬಿತ್ತು.

ಶಾಯಿ ಹಚ್ಚಿಸಿಕೊಂಡು ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆ ಶಾಯಿ ನಮ್ಮ ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1937ರಲ್ಲಿ ಶುರುವಾದ ಬಣ್ಣದ ಕಾರ್ಖಾನೆ, ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, 1962ರ ಚುನಾವಣೆಯಿಂದ ಇದನ್ನು ಮಾಡಿಕೊಡುತ್ತಿದೆ. ವೋಟರ್ ಐಡಿ ಬಂದಿದ್ದು ಅದಕ್ಕೆ ಎಷ್ಟೋ ವರ್ಷ ಆದಮೇಲೆ, ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, 1993ರಲ್ಲಿ. ಅಂದರೆ ಆ ಅಜ್ಜಿ ತಮ್ಮ ಮೊದಲ ಓಟುಗಳನ್ನು ಕಾರ್ಡೇ ಇಲ್ಲದ ಕಾಲದಲ್ಲಿ ಹಾಕಿದ್ದರು. ಪಟ್ಟಿ, ಏಜೆಂಟರು, ಬೆರಳಿನ ಶಾಯಿ, ಇವೇ ಕಾವಲಾಗಿದ್ದವು. ಇವತ್ತಿಗೂ ಅವೇ ಇವೆ, ಕಾರ್ಡು ಅವುಗಳ ಜೊತೆಗೆ ಸೇರಿಕೊಂಡಿದೆ.

ಇದೇ ತಪ್ಪು ತಿಳಿವಳಿಕೆಯ ಇನ್ನೊಂದು ಮುಖವನ್ನು ಅವತ್ತೇ ಮಧ್ಯಾಹ್ನ ನೋಡಿದೆ.

ಬೆಂಗಳೂರಿಂದ ಒಬ್ಬ ಹುಡುಗ ಬಂದ. ಇಪ್ಪತ್ತೈದು, ಇಪ್ಪತ್ತಾರು ಇರಬಹುದು. ಓಟು ಹಾಕಲಿಕ್ಕೇ ರಜಾ ಹಾಕಿ ರಾತ್ರಿ ಬಸ್ಸಿಗೆ ಬಂದಿದ್ದನಂತೆ. ಕೈಯಲ್ಲಿ ಹೊಸದಾಗಿದ್ದ ವೋಟರ್ ಐಡಿ, ಫೋಟೋ, ಹೆಸರು ಎಲ್ಲ ಸರಿ. ಪಟ್ಟಿಯಲ್ಲಿ ಹೆಸರಿಲ್ಲ. ಎರಡು ಸಲ ಹುಡುಕಿದೆ, ಕೊನೆಯ ಪೂರಕ ಪಟ್ಟಿವರೆಗೂ ಬೆರಳಿಟ್ಟು ನೋಡಿದೆ. ಇಲ್ಲ. ಅವನು ಗಾಬರಿಯಾಗಲಿಲ್ಲ. ಮತಗಟ್ಟೆಯೊಳಗೆ ಮೊಬೈಲ್ ತರುವ ಹಾಗಿಲ್ಲವಲ್ಲ, ಅದಕ್ಕೇ ಒಂದು ಹಾಳೆಯಲ್ಲಿ ಬರೆದುಕೊಂಡು ಬಂದಿದ್ದ. ಓದಿದ: ಹೆಸರಿಲ್ಲದಿದ್ದರೆ ಕಾರ್ಡ್ ತೋರಿಸಿ 49ಎ ಪ್ರಕಾರ ‘ಚಾಲೆಂಜ್ ವೋಟ್’ ಕೇಳಬೇಕು. ನಮ್ಮ ಓಟನ್ನು ಬೇರೆಯವರು ಹಾಕಿಬಿಟ್ಟಿದ್ದರೆ ‘ಟೆಂಡರ್ ವೋಟ್’ ಕೇಳಬೇಕು. ಅಂಥ ಓಟು ನೂರಕ್ಕೆ 14ಕ್ಕಿಂತ ಜಾಸ್ತಿ ಆದರೆ ಮರುಮತದಾನ.

ಈ ಮೆಸೇಜು ನಿಮಗೂ ಬಂದಿರುತ್ತೆ. ಪ್ರತಿ ಚುನಾವಣೆಗೂ ಬರುತ್ತೆ, ಆಯೋಗ ಸುಳ್ಳು ಅಂತ ಹೇಳಿದ ಮೇಲೂ ಬರುತ್ತೆ. ಅದರಲ್ಲಿರುವ ಪದಗಳು ನಿಜ, ಅದಕ್ಕೇ ಜನ ನಂಬುತ್ತಾರೆ. ಚಾಲೆಂಜ್ ವೋಟ್ ಅನ್ನೋದು ಇದೆ, ಆದರೆ ಅದನ್ನು ಕೇಳುವವನು ಮತದಾರ ಅಲ್ಲ. ‘ಇವನು ಆ ಹೆಸರಿನವನಲ್ಲ’ ಅಂತ ಏಜೆಂಟರಿಗೆ ಅನುಮಾನ ಬಂದರೆ ಅವರು ಎರಡು ರೂಪಾಯಿ ಠೇವಣಿ ಕಟ್ಟಿ ಆಕ್ಷೇಪಣೆ ಎತ್ತುತ್ತಾರೆ, ಪಿಆರ್‌ಓ ವಿಚಾರಿಸಿ ತೀರ್ಮಾನ ಮಾಡುತ್ತಾರೆ. ಟೆಂಡರ್ ವೋಟೂ ಇದೆ. ಪಟ್ಟಿಯಲ್ಲಿ ಹೆಸರಿದ್ದು, ಅದರ ಮೇಲೆ ಆಗಲೇ ಯಾರೋ ಓಟು ಹಾಕಿ ಹೋಗಿದ್ದರೆ, ವಿಚಾರಿಸಿ ಕಾಗದದ ಮತಪತ್ರ ಕೊಡುತ್ತಾರೆ. ಅದು ಬೇರೆ ಲಕೋಟೆಗೆ ಹೋಗುತ್ತೆ, ಎಣಿಕೆ ದಿನ ಅದನ್ನು ಎಣಿಸುವುದಿಲ್ಲ. 14ರ ಲೆಕ್ಕ ಯಾವ ನಿಯಮದಲ್ಲೂ ಇಲ್ಲ. ಇನ್ನು ಚುನಾವಣಾ ನಿಯಮಗಳ 49ಎ ಇರುವುದು ಮತಯಂತ್ರ ಹೇಗಿರಬೇಕು ಅನ್ನೋದರ ಬಗ್ಗೆ.

ಇದನ್ನೆಲ್ಲ ಪಿಆರ್‌ಓ ಅವನಿಗೆ ಸಮಾಧಾನವಾಗಿ ಹೇಳಿದರು. ‘ಸರ್, ಕಾರ್ಡ್ ಇದೆಯಲ್ಲ ಸರ್’ ಅಂತ ಮತ್ತೆ ಮತ್ತೆ ಅಂದ. ಅವನ ದನಿ ಇನ್ನೂ ಕಿವಿಯಲ್ಲಿದೆ. ಅವನು ಬೆಂಗಳೂರಿನ ವಿಳಾಸಕ್ಕೆ ಬದಲಾಯಿಸಿ ಅಂತ ಅರ್ಜಿ ಹಾಕಿದ್ದನಂತೆ, ಆಮೇಲೆ ಏನಾಯಿತು ಅಂತ ನೋಡಿರಲಿಲ್ಲ. ಮಾರ್ಚ್ 16ರಂದು ಚುನಾವಣೆ ಘೋಷಣೆಯಾದಾಗಲೇ ಹೆಸರು ಎಲ್ಲಿದೆ ಅಂತ ನೋಡಿಕೊಂಡಿದ್ದರೆ ಇನ್ನೂ ಸಮಯ ಇತ್ತು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮುಗಿದ ಮೇಲೆ ಪಟ್ಟಿಗೆ ಹೆಸರು ಸೇರಿಸುವ ಹಾಗಿಲ್ಲ. ನಮಗೆ ಅದು ಏಪ್ರಿಲ್ 4. ‘ಹೆಸರಿಲ್ಲದಿದ್ರೂ ಪರವಾಗಿಲ್ಲ, ಚಾಲೆಂಜ್ ವೋಟ್ ಇದೆ’ ಅನ್ನೋ ಧೈರ್ಯದಲ್ಲಿ ಆ ದಿನಗಳು ಕಳೆದುಹೋದವು. ಅವನ ಓಟು ತಿಂದಿದ್ದು ಆ ಮೆಸೇಜು. ಅದನ್ನು ಫಾರ್ವರ್ಡ್ ಮಾಡಿದವರು ಒಳ್ಳೇದು ಮಾಡುತ್ತಿದ್ದೇವೆ ಅಂತಲೇ ಮಾಡಿರುತ್ತಾರೆ, ನಾನು ಬೆಳಗ್ಗೆ ಬಾಗಿಲಲ್ಲಿ ನಿಂತು ಕೂಗಿದ ಹಾಗೆ.

ಅಜ್ಜಿಗೆ ಕಾರ್ಡಿರಲಿಲ್ಲ, ಓಟಿತ್ತು. ಹುಡುಗನಿಗೆ ಕಾರ್ಡಿತ್ತು, ಓಟಿರಲಿಲ್ಲ. ಇಬ್ಬರೂ ಕಾರ್ಡೇ ಓಟು ಅಂದುಕೊಂಡಿದ್ದರು. ಓಟು ಇರುವುದು ಪಟ್ಟಿಯಲ್ಲಿ. ಆ ಹೆಸರಿನವರು ನೀವೇ ಅಂತ ಹೇಳುವುದಷ್ಟೇ ಕಾರ್ಡಿನ ಕೆಲಸ. ಬೇರೆ ಕ್ಷೇತ್ರದಲ್ಲಿದ್ದಾಗ ಕೊಟ್ಟ ಕಾರ್ಡಾದರೂ, ಈ ಬೂತಿನ ಪಟ್ಟಿಯಲ್ಲಿ ಹೆಸರಿದ್ದರೆ ಗುರುತಿಗೆ ಅದು ನಡೆಯುತ್ತೆ. ಕಾರ್ಡಿನಲ್ಲಿ ‘ಗೌಡ’ ಹೋಗಿ ‘ಗೌದ’ ಆಗಿದೆ ಅನ್ನುವಂಥ ಸಣ್ಣ ತಪ್ಪಿಗೆ ಯಾರನ್ನೂ ವಾಪಸ್ ಕಳಿಸುವ ಹಾಗಿಲ್ಲ. ಆಧಾರ್ ಲಿಂಕ್ ಮಾಡಿಸದಿದ್ದರೆ ಹೆಸರು ತೆಗೆದುಹಾಕುತ್ತಾರೆ ಅನ್ನೋದೂ ಸುಳ್ಳು. ಆಧಾರ್ ನಂಬರ್ ಕೊಡುವ 6ಬಿ ಫಾರಂ ನಮ್ಮ ಇಷ್ಟಕ್ಕೆ ಬಿಟ್ಟಿದ್ದು.

ಅವತ್ತು ಹತ್ತು ಗಂಟೆಯಿಂದಲೇ ನನ್ನ ಮಾತು ಬದಲಾಯಿಸಿಕೊಂಡೆ. ಹೊರಗೆ ಹೋಗಿ ಗೇಟಿನ ಹುಡುಗನಿಗೆ ಒಂದೇ ವಾಕ್ಯ ಕಲಿಸಿದೆ: ‘ಪಟ್ಟಿಯಲ್ಲಿ ಹೆಸರಿದ್ರೆ ಓಟಿದೆ. ಫೋಟೋ ಇರೋ ಯಾವ ಕಾರ್ಡಿದೆ ತೋರ್ಸಿ, ನೋಡಿ ಹೇಳ್ತೀವಿ.’ ಮೇಜಿನಲ್ಲಿ ‘ವೋಟರ್ ಐಡಿ ಕೊಡಿ’ ಅನ್ನೋದನ್ನು ಬಿಟ್ಟು ‘ಗುರುತಿಗೆ ಏನು ತಂದಿದ್ದೀರಾ?’ ಅಂತ ಕೇಳತೊಡಗಿದೆ. ಸಣ್ಣ ಬದಲಾವಣೆ ಅನ್ನಿಸಬಹುದು. ಮೊದಲನೇ ಮಾತಿಗೆ ಕಾರ್ಡ್ ಇಲ್ಲದವರು ‘ಇಲ್ಲ’ ಅಂತ ತಿರುಗುತ್ತಾರೆ. ಎರಡನೇ ಮಾತಿಗೆ ಕವರ್ ಬಿಚ್ಚುತ್ತಾರೆ. ಡ್ಯೂಟಿಗೆ ಹೋಗುವ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ: ಬೆಳಗ್ಗೆ ಯಂತ್ರ ಜೋಡಿಸಿದ ಮೇಲೆ ಎರಡು ನಿಮಿಷ ಗೇಟಿನವರ ಜೊತೆ ಮಾತಾಡಿ. ನಿಯಮ ಪುಸ್ತಕ ನಮ್ಮ ಮೇಜಿನ ಮೇಲಿರುತ್ತೆ, ಜನ ಮೊದಲು ಕೇಳುವುದು ಮಾತ್ರ ಅವರನ್ನು.

ಅಜ್ಜಿ ಓಟು ಹಾಕಿ ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದ್ದರು. ಪಕ್ಕದ ಮನೆಯವನೂ ಅವರ ಜೊತೆ ಬಂದಿದ್ದನಂತೆ, ಅವನಿಗೂ ಕಾರ್ಡಿರಲಿಲ್ಲವಂತೆ. ಗೇಟಿನ ಮಾತು ಕೇಳಿ, ಕೂಲಿ ಯಾಕೆ ಕಳ್ಕೋಬೇಕು ಅಂತ ಆಲೆಮನೆ ಕೆಲಸಕ್ಕೆ ಹೊರಟುಹೋದನಂತೆ. ಹೆಸರು ಕೇಳಿ ಪಟ್ಟಿಯಲ್ಲಿ ನೋಡಿದೆ, ಇತ್ತು. ಹೊರಗೆ ಕೂತಿದ್ದ, ಈ ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಓ ಮೇಡಂಗೆ ಹೇಳಿದೆ. ಅವರು ಅವನ ಮನೆಗೆ ಹೇಳಿ ಕಳಿಸಿದರು, ಆಲೆಮನೆಗೆ ಫೋನೂ ಮಾಡಿಸಿದರು. ಆರು ಗಂಟೆವರೆಗೂ ಬಾಗಿಲ ಕಡೆ ನೋಡುತ್ತಲೇ ಇದ್ದೆ. ರಾತ್ರಿ ಪಟ್ಟಿಯನ್ನು ಲಕೋಟೆಗೆ ಹಾಕಿ ಸೀಲ್ ಮಾಡುವ ಮುಂಚೆ ಆ ಪುಟ ತೆಗೆದು ನೋಡಿದೆ. ಅಜ್ಜಿಯ ಹೆಸರಿನ ಮೇಲೆ ಗೆರೆ ಇತ್ತು. ಅವನ ಹೆಸರು ಹಾಗೇ ಇತ್ತು.