ಮೃದಂಗದ ಚಾಪು ಎಲ್ಲಿ ಹೋಯ್ತು ಅಂತ ಹುಡುಕಿದ್ದು

ಮನೇಲೇ ಮೃದಂಗ ರೆಕಾರ್ಡ್ ಮಾಡೋಣ ಅಂತ ಹೊರಟಾಗ ಎಲ್ರೂ ಹೇಳ್ದಂಗೆ ನಾನೂ ಮೊದ್ಲು ತಗೊಂಡಿದ್ದು ಸಣ್ಣ ಸದ್ದನ್ನೂ ಹಿಡಿಯೋ ಕಂಡೆನ್ಸರ್ ಮೈಕೇ. 48 ವೋಲ್ಟ್ ಫ್ಯಾಂಟಮ್ ಪವರ್ (ಕೇಬಲಲ್ಲೇ ಮೈಕಿಗೆ ಹೋಗೋ ಕರೆಂಟು) ಆನ್ ಮಾಡಿ ಹೆಡ್‌ಫೋನ್ ಹಾಕ್ಕೊಂಡ್ರೆ ಆಹಾ ಏನ್ ಕ್ಲಾರಿಟಿ, ಮೃದಂಗ ಒಂದೇ ಅಲ್ಲ, ಪಕ್ಕದ್ಮನೆ ಕುಕ್ಕರ್ ವಿಷಲ್ಲು, ನಮ್ ಫ್ಯಾನು, ಬೋಳು ಗೋಡೆಗೆ ಬಡಿದು ವಾಪಸ್ ಬರೋ ಸದ್ದು, ಎಲ್ಲಾ ಕ್ಲಿಯರ್ರು! ಬೋಳು ರೂಮಲ್ಲಿ ದುಬಾರಿ ಕಂಡೆನ್ಸರ್ ಇಡೋದು ದುಡ್ ಕೊಟ್ಟು ಗಲಾಟೆ ಕೊಂಡ್ಕೊಂಡಂಗೆ.

ಅದನ್ನ ಮಾರಿ ಎರಡು ಶ್ಯೂರ್ ಎಸ್ಎಂ57 ತಗೊಂಡೆ, ಬಲಗಡೆ ಮುಖಕ್ಕೊಂದು, ತೊಪ್ಪಿಗೆ, ಅಂದ್ರೆ ಎಡಗಡೆ ದಪ್ಪ ಸದ್ದಿನ ಮುಖಕ್ಕೆ ಒಂದು. 1965ರಿಂದ ಬರ್ತಿರೋ ಡೈನಮಿಕ್ ಮೈಕು, ಕಾರ್ಡಿಯಾಯ್ಡ್ ಆದ್ರಿಂದ ಹಿಂದಿನ ಸದ್ದು ಅಷ್ಟಾಗಿ ಹಿಡಿಯಲ್ಲ. ಆದ್ರೆ ಔಟ್‌ಪುಟ್ ಕಮ್ಮಿ, ಗೇನ್ (ಸಿಗ್ನಲ್ ಹಿಗ್ಗಿಸೋ ನಾಬು) ತಿರುಗಿಸ್ತಾ ಹೋದ್ರೆ ಕೊನೇಲಿ ಸುಸ್ ಅಂತ ಹಿಸ್ಸು. 25 ಡಿಬಿ (ಡೆಸಿಬಲ್, ಸದ್ದಿನ ಅಳತೆ) ಹೆಚ್ಚಿಗೆ ಕೊಡೋ ಬೂಸ್ಟರ್ ಆರ್ಡರ್ ಮಾಡೋದ್ರಲ್ಲಿದ್ದೆ, ಆಮೇಲೆ ಹೊಳೀತು, ಮೈಕು ಎರಡಡಿ ದೂರ ಇದೆ! ದೂರ ಅರ್ಧ ಆದಾಗೆಲ್ಲ ನೇರ ಸದ್ದು ಹತ್ರಹತ್ರ 6 ಡಿಬಿ ಏರತ್ತೆ, ಅರ್ಧ ಅಡಿಗೆ ತಂದ್ರೆ 12 ಡಿಬಿ ಪುಕ್ಕಟೆ. ಹತ್ರ ಹೋದ್ರೆ ತೊಪ್ಪಿ ಗುಂಯ್ ಅನ್ನತ್ತೆ ನಿಜ, ಪ್ರಾಕ್ಸಿಮಿಟಿ ಎಫೆಕ್ಟು, ಮೈಕನ್ನ ಸ್ವಲ್ಪ ಓರೆ ಮಾಡಿ ಒಂದಿಂಚು ಹಿಂದಕ್ಕೆ ಸರಿಸ್ದೆ, ಸರಿಹೋಯ್ತು. ಶ್ಯೂರ್ ಕಂಪನಿದೇ ಎಸ್ಎಂ7ಬಿ ಮೈಕ್ ಇಟ್ಕೊಂಡು ಮೆತ್ತಗೆ ಹಾಡೋರ ಕಥೆ ಬೇರೆ, ಅದಕ್ಕೆ 60 ಡಿಬಿ ಆಸುಪಾಸು ಗೇನ್ ಬೇಕು, ಇಂಟರ್‌ಫೇಸ್ (ಮೈಕನ್ನ ಕಂಪ್ಯೂಟರಿಗೆ ಸೇರಿಸೋ ಡಬ್ಬಿ) ಕೊಳ್ಳೋಕ್ ಮುಂಚೆ ಅದರ ಮ್ಯಾಕ್ಸಿಮಮ್ ಗೇನ್ ನೋಡ್ಕೊಳಿ.

ಪಂಚ್, ಅಂದ್ರೆ ಏಟಿನ ಗತ್ತು, ಅದರ ವಿಷ್ಯದಲ್ಲಿ ಬೇಸ್ತು ಬಿದ್ದಿದ್ದು ಜೋರು ಸದ್ದನ್ನ ತಾನಾಗೇ ತಗ್ಗಿಸೋ ಕಂಪ್ರೆಸರಲ್ಲಿ. 1176 ಅನ್ನೋ ಕಂಪ್ರೆಸರ್‌ನ ಪ್ಲಗಿನ್ (ಸಾಫ್ಟ್‌ವೇರ್ ನಕಲು) ಹಾಕಿ, ಅಟ್ಯಾಕ್ (ಸದ್ದು ತಗ್ಗಿಸೋಕೆ ಅದು ತಗೊಳ್ಳೋ ಸಮಯ) ನಿಧಾನ ಇರ್ಲಿ ಅಂತ ನಾಬನ್ನ 7ಕ್ಕೆ ತಿರುಗಿಸಿಟ್ಟೆ. ಚಾಪು, ಅಂದ್ರೆ ಬಲಗಡೆ ಠಣ್ ಅಂತ ಮೊಳಗೋ ಏಟು, ಸತ್ತೇಹೋಯ್ತು, ಟಪ್ ಟಪ್ ಅಂತ ರಟ್ಟಿನ ಡಬ್ಬ ಬಡಿದಂಗೆ. ಎರಡು ದಿನ ಮೈಕನ್ನ ಬೈದೆ, ಕೇಬಲ್ ಬದಲಾಯಿಸ್ದೆ, ಕೊನೆಗೆ ಗೊತ್ತಾಯ್ತು ಅದರ ನಾಬ್ ಉಲ್ಟಾ, 7 ಅಂದ್ರೆ ಅತಿ ಫಾಸ್ಟು, 20 ಮೈಕ್ರೋಸೆಕೆಂಡು! ಅತಿ ನಿಧಾನ ಅಂದ್ರೂ 800 ಮೈಕ್ರೋಸೆಕೆಂಡು, ಅಂದ್ರೆ ಬೆರಳು ಬಿದ್ದ ಏಟು ಕಂಪ್ರೆಸರ್ ಕೈತಪ್ಪಿಸ್ಕೊಂಡು ಬರೋಕೆ ಟೈಮೇ ಇಲ್ಲ. ಈಗ ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ಜೊತೆಗೇ ಬರೋ ರೀಕಾಂಪ್ ಕಂಪ್ರೆಸರಲ್ಲಿ ಅಟ್ಯಾಕ್ 25 ಮಿಲಿಸೆಕೆಂಡು, ರೇಶಿಯೋ 3 (ಮಿತಿ ಮೀರಿದ 3 ಡಿಬಿಗೆ 1 ಡಿಬಿ ಮಾತ್ರ ಹೊರಗೆ), ಅಷ್ಟೇ. ಮೊದಲ ಏಟು ಪೂರ್ತಿ ದಾಟತ್ತೆ, ಆಮೇಲಿನ ನಾದ ಮಾತ್ರ ಸ್ವಲ್ಪ ತಗ್ಗತ್ತೆ, ಅದೇ ಪಂಚು.

ರೆಕಾರ್ಡಿಂಗ್ 24 ಬಿಟ್, ಪೀಕ್, ಅಂದ್ರೆ ಅತಿ ಜೋರು ಏಟು, ಮೈನಸ್ 12 ಡಿಬಿ ದಾಟಿಸಲ್ಲ. ಕುಕ್ಕರ್ ಇನ್ನೂ ಸಣ್ಣಗೆ ಕೇಳತ್ತೆ, ಅದಕ್ಕೇ ಎಲ್ಲಾ ಟೇಕೂ ಮಧ್ಯಾಹ್ನ ಮೂರರ ಮೇಲೆ, ಫ್ಯಾನ್ ಆಫ್ ಮಾಡ್ಕೊಂಡು, ಪಂಚೆ ಬನೀನಲ್ಲಿ.